ಕಾಕಾನ ಲ್ಯಾಪ್‌ಟಾಪಿಗೆ ಬಂದ ಜ್ವರ

ಇಳಕಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಮಗ್ಗದ ಎಣ್ಣೆ ಹಾಕಿದ ಏಕೈಕ ಮನುಷ್ಯ ನಮ್ಮ ಕಾಕಾ. ಬೇರೆ ಊರಲ್ಲಿ ಯಾರಾದರೂ ಹಾಕಿದ್ದರೆ ಅವರೂ ನಮ್ಮ ಬಳಗದವರೇ ಇರಬೇಕು!

ಹಾಕಿದ್ದು ಅದರ ಫ್ಯಾನಿಗೆ. ಆ ಹಳೆಯ ಲ್ಯಾಪ್‌ಟಾಪಿನಲ್ಲಿ ಕಾಕಾ ಸೀರೆ ಅಂಚಿನ ನಕ್ಷೆ ಬಿಡಿಸುತ್ತಿದ್ದರು. ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಮ್ ಒಂದನ್ನು ಅದಕ್ಕೆ ಹಾಕಿಕೊಂಡ ದಿನದಿಂದ ಫ್ಯಾನು ನಿಲ್ಲಲೇ ಇಲ್ಲ. ಗುಂಡಿ ಒತ್ತಿದರೆ ಗಿರಣಿ ಶುರು! ಅದೇ ದಿನಗಳಲ್ಲಿ ಅವರ ಹೆಂಡತಿ, ನಮ್ಮ ಕಾಕುವಿನ ಗಂಟಲ ಆಪರೇಷನ್ ಆಗಿ, ದನಿ ಪಿಸುಮಾತಿಗೆ ಇಳಿದಿತ್ತು. ಫ್ಯಾನು ತಿರುಗುವಾಗ ಅವಳ ಮಾತು ಪಕ್ಕದಲ್ಲಿ ಕೂತವರಿಗೂ ಕೇಳುತ್ತಿರಲಿಲ್ಲ.

"ಹೊಸಾದು ತಗೋರಿ ಕಾಕಾ," ಎಂದೆ.

"ಮಗ್ಗ ಸಪ್ಪಳ ಮಾಡಿದ್ರ ಮಗ್ಗ ಒಗೀತಾರೇನಲೇ? ಎಣ್ಣಿ ಹಾಕ್ತಾರ!"

ಹಾಕಿಯೇ ಬಿಟ್ಟರು. ಸಪ್ಪಳ ಹಾಗೇ ಉಳಿಯಿತು. ವಾರವಿಡೀ ಕೀಲಿಮಣೆ ಮುಟ್ಟಿದವರ ಬೆರಳೆಲ್ಲ ಜಿಡ್ಡು.

ಆ ಸಿಸ್ಟಮನ್ನು ತಿದ್ದುವವರು ದೇಶದೇಶಗಳಲ್ಲಿ ಚದುರಿದ ಹವ್ಯಾಸಿಗಳು. ಕಾಕಾ ಅವರಿಗೆ ದೂರು ಬರೆಸಿದರು. ಇಂಗ್ಲಿಷು ನನ್ನದು, ಉಪಮೆ ಅವರದು: 'ಸದ್ದು ಅರ್ಧ ಪವರ್‌ಲೂಮಿನಷ್ಟಿದೆ.' ಯಾವುದೋ ಚಳಿ ದೇಶದವನೊಬ್ಬ, ಪವರ್‌ಲೂಮಿನ ಸದ್ದು ಎಷ್ಟು ಎಂದು ಕೇಳಿದ. ಕಾಕಾ ನೆರೆಮನೆಯ ಪವರ್‌ಲೂಮನ್ನೇ ರೆಕಾರ್ಡ್ ಮಾಡಿ ಕಳಿಸಿದರು! ಎರಡು ದಿನ ಅವನ ಉತ್ತರವಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳಿದನೋ ಏನೋ, ಪಾಪ.

ಚೇತರಿಸಿಕೊಂಡ ಮೇಲೆ, ಬಿಸಿಲಲ್ಲೊಮ್ಮೆ ತಂಪಿನಲ್ಲೊಮ್ಮೆ ಯಂತ್ರದ ಉಷ್ಣತೆ ನೋಡಿ ತಿಳಿಸಿ ಎಂದ. ಬಿಸಿಲಿಗೆ ನಮ್ಮ ಮಾಳಿಗೆಯೇ ಇತ್ತು. ತಂಪಿಗೆ? ಕಾಕಾ ನನ್ನನ್ನು ಬದಾಮಿ ಬಸ್ಸು ಹತ್ತಿಸಿ ಮಹಾಕೂಟಕ್ಕೆ ಕರೆದೊಯ್ದರು. (ಮಹಾಕೂಟ ಎಂದು ನನ್ನ ದಿನಚರಿಯಲ್ಲಿದೆ. ಅವತ್ತು ತಂದ ಪ್ರಸಾದ ಶಿವಯೋಗ ಮಂದಿರದ್ದು ಎಂದು ಕಾಕು ಸಾಧಿಸುತ್ತಾಳೆ. ದಿನಚರಿ ಬರೆದವನೂ ನಾನೇ ಆದ್ದರಿಂದ ಅದನ್ನೆಷ್ಟು ನಂಬಲಿ?) ಅಲ್ಲಿಯ ತಣ್ಣೀರ ಹೊಂಡದ ಪಕ್ಕ, ಮರದ ನೆರಳಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ಕಾಕಾನನ್ನು ನೋಡಿ, ಮಿಂದು ಮೇಲೆ ಬಂದ ಯಾತ್ರಿಕರೊಬ್ಬರು ನಿಂತರು.

"ಏನ್ರೀ ಯಜಮಾನ್ರ, ಕಂಪ್ಯೂಟರಿಗೆ ಹರಕಿ ಐತೇನ್ರಿ?"

"ಹೂಂನ್ರಿ. ಜ್ವರ ಇಳೀವಲ್ದು ನೋಡ್ರಿ."

"ಹಂಗಾರ ಒಂದು ಮುಳುಗು ಹಾಕಸ್ರಿ!"

ಜ್ವರ ಇಳಿಯಲೇ ಇಲ್ಲ. ಮಾಳಿಗೆಯ ಮೇಲೂ ತೊಂಬತ್ತು ಡಿಗ್ರಿ, ಹೊಂಡದ ಪಕ್ಕವೂ ತೊಂಬತ್ತೇ! ಅಲ್ಲಿಗೆ ಕಳ್ಳ ಸಿಕ್ಕ. ಫರ್ಮ್‌ವೇರ್ ಎಂದರೆ ಯಂತ್ರ ತಯಾರಾಗುವಾಗಲೇ ಅದರ ತಲೆಗೆ ತುಂಬಿದ ಬುದ್ಧಿ. ಅದು ಸದಾ ಸುಳ್ಳು ಜ್ವರ ಹೇಳುತ್ತಿತ್ತು, ಈ ಸಿಸ್ಟಮ್ ಅದನ್ನು ನಂಬಿ ಗಾಳಿ ಬೀಸುತ್ತಿತ್ತು. 'ಈ ಮಾದರಿಯ ಮಾತು ನಂಬಬೇಡ, ಬೇರೆ ಅಳತೆ ನೋಡು' ಎಂಬರ್ಥದ ನಾಲ್ಕು ಸಾಲುಗಳನ್ನು ಚಳಿ ದೇಶದವನು ಬರೆದು ಕಳಿಸಿದ. ಕೆಳಗೆ, ಪರೀಕ್ಷಿಸಿದವರು ಎಂದು ಕಾಕಾನ ಹೆಸರು!

"ನನ್ನ ಹೆಸರ ಯಾಕ? ಹೊಂಡದ್ದ ಹಾಕಬೇಕಿತ್ತು," ಎಂದರು ಕಾಕಾ.

ಆ ಸಾಲುಗಳನ್ನು ಸೇರಿಸಿ ಗುಂಡಿ ಒತ್ತಿದ್ದು ಒಂದು ಮಧ್ಯಾಹ್ನ. ಫ್ಯಾನು ಒಮ್ಮೆ ಗುರುಗುಟ್ಟಿ ನಿಂತಿತು. ಮನೆ ತುಂಬ ಮಗ್ಗಗಳಿದ್ದ ಕಾಲದಲ್ಲಿ ಕೂಗಿ ಕೂಗಿಯೇ ಸಂಸಾರ ಮಾಡಿದ ಜೋಡಿ ನಮ್ಮ ಕಾಕಾ-ಕಾಕು. ಆ ಮನೆಯಲ್ಲಿ ಅಂಥ ನಿಶ್ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು ಅನ್ನಿಸುತ್ತದೆ.

ಕಾಕು ಚಾದ ಕಪ್ಪು ಹಿಡಿದು ಬಂದಳು. "ಚಾ ಆರತೈತ್ರಿ," ಎಂದಳು ಅದೇ ಪಿಸುದನಿಯಲ್ಲಿ.

ಬಾಗಿಲಾಚೆ ಚಪ್ಪಲಿ ಮೆಟ್ಟುತ್ತಿದ್ದ ನನಗೂ ಕೇಳಿಸಿತು. ಪಕ್ಕದಲ್ಲೇ ಇದ್ದ ಕಾಕಾನಿಗೆ ಕೇಳಿಸದಿರಲು ಸಾಧ್ಯವೇ? ಆದರೂ ತಲೆಯೆತ್ತದೆ, "ಏನಂದಿ?" ಎಂದರು.

ಅವಳು ಮತ್ತೊಮ್ಮೆ ಹೇಳಿದಳು.

"ಆಂ? ಏನಂದಿ?"