ನಮ್ಮೋರ ಜೊತೆ ಹುಲಿ ನೋಡೋಕೆ ಹೋಗಿದ್ದು

ಬೇರೆಯೋರು ಕಾಡಿಗೆ ಹೋದರೆ ಪ್ರಾಣಿ ನೋಡಿ ಬರ್ತಾರೆ. ನಮ್ಮ ಮನೆಮಂದಿ ಹೋದರೆ ಪ್ರಾಣಿಗಳೇ ಇವರನ್ನ ನೋಡಿ ಓಡಿಹೋಗ್ತವೆ. ಒಂದು ಸಲ ಆಗಿದ್ದರೆ ಹಾಳಾಗಿಹೋಗಲಿ ಅನ್ನಬಹುದಿತ್ತು. ಪ್ರತಿ ಸಲವೂ ಇದೇ ಗೋಳು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಎಪ್ಪತ್ತರ ದಶಕದ ಕೊನೆ. ಅಜ್ಜಂಪುರದಲ್ಲಿ ನನ್ನದೊಂದು ಜವಳಿ ಅಂಗಡಿ. ಎದುರಿನ ಕಾಫಿಪುಡಿ ಅಂಗಡಿಯೋನು ಲಕ್ಕವಳ್ಳಿ ಕಾಡಲ್ಲಿ ಹುಲಿ ನೋಡಿ ಬಂದಿದ್ದ. ನೋಡಿದ್ದು ಸರಿ, ಸುಮ್ಮನಿರಬೇಕೋ ಬೇಡವೋ? ನನ್ನ ಗಿರಾಕಿಗಳನ್ನೂ ಕರೆದು ಕರೆದು ಹೇಳೋನು. ಕಡೆಗೊಂದು ದಿನ ಎಲ್ಲರೆದುರಿಗೆ, ನೀವು ಹುಲಿ ಚಿತ್ರದ ಟವಲ್ ನೋಡ್ಕೊಂಡು ಕೂತಿರಿ ಸ್ವಾಮಿ ಅಂದುಬಿಟ್ಟ. ಹುಲಿ ನೋಡಿ ಇವನ ಬಾಯಿ ಮುಚ್ಚಿಸದೆ ಬಿಡೋದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ. ಲಕ್ಕವಳ್ಳಿಯಲ್ಲಿ ಅರಣ್ಯ ಇಲಾಖೆಯ ಡ್ರೈವರ್ ಒಬ್ಬ ಪರಿಚಯದೋನಿದ್ದ. ರಜಾಕ್ಕೆ ಬಂದೋರನ್ನ ಜೀಪಲ್ಲಿ ಕಾಡು ಸುತ್ತಿಸೋದೇ ಅವನ ಕೆಲಸ.

೧. ಭಾವನ ಧರ್ಮ

ಮೊದಲ ಸಲ ಸಖರಾಯಪಟ್ಟಣದ ನಮ್ಮ ಭಾವ ಜೊತೆಗೆ ಬಂದರು. ಗಾಡೀಲಿ ಹೊರಟೋರು ದಾರೀಲಿ ನಡೆಯೋರನ್ನ ಬಿಟ್ಟು ಹೋಗಬಾರದು ಅನ್ನೋದು ಅವರ ಮನೆತನದ ರೂಢಿ. ಎತ್ತಿನ ಗಾಡಿಗೆ ಸರಿ. ಕಾಡೊಳಗಿನ ಜೀಪಿಗೂ ಅದೇನಾ? ಸೌದೆ ಹೊತ್ತೋರು ಸಿಕ್ಕಿದರು, ಹೊರೆ ಸಮೇತ ಹತ್ತಿಸಿಕೊಂಡರು. ನೆಂಟರ ಮನೆಗೆ ಹೊರಟ ಮುದುಕಿಯನ್ನ ಹತ್ತಿಸಿಕೊಂಡರು. ಅವಳ ಕಂಕುಳಲ್ಲಿ ಒಂದು ಹುಂಜ. ಇದು ಕಡೂರು ಬಸ್ಸಲ್ಲ ಭಾವ ಅಂತ ನಾನು ಹಲ್ಲು ಕಡಿದರೆ, ಸ್ವಲ್ಪ ಸರ್ಕೊಳಪ್ಪ ಅಂದರು. ಆ ಹುಂಜ ಕಾಡೆಲ್ಲ ಕೇಳೋ ಹಾಗೆ ಕೂಗಿತು.

ಡ್ರೈವರ್ ನನ್ನ ಕಡೆ ತಿರುಗಿದ. "ಇನ್ನು ಹುಲಿ ಬಂದ್ರೂ ಕೂರೋಕೆ ಜಾಗ ಇಲ್ಲ ಕಣ್ರೀ."

೨. ಅವ್ವನ ಪೂಜೆ

ಮುಂದಿನ ಬೇಸಿಗೇಲಿ ಭಾವನಿಗೆ ಸುಳಿವೇ ಕೊಡಲಿಲ್ಲ. ಅವ್ವ ಗಂಟು ಕಟ್ಟಿಕೊಂಡು ಹೊರಟಳು. ಅವಳು ಲಿಂಗಪೂಜೆ ಮಾಡದೆ ತೊಟ್ಟು ನೀರೂ ಮುಟ್ಟೋಳಲ್ಲ. ಹೊರಡೋ ಮೊದಲೇ ಮುಗಿಸವ್ವ ಅಂದರೆ, ಬೆಳಕು ಹರಿಯದೆ ಎಂಥ ಪೂಜೆ ಅಂದಳು. ಸರಿಯಾಗಿ ಪ್ರಾಣಿಗಳು ನೀರಿಗೆ ಬರೋ ಹಳ್ಳದ ಹತ್ತಿರ ಬೆಳಕು ಹರೀತು. ಜೀಪು ನಿಲ್ಲಿಸಿದಳು. ಸೀಟಿನ ಮೇಲೇ ಚಕ್ಕಂಬಕ್ಕಲು ಹಾಕಿಕೊಂಡು ವಿಭೂತಿ ಬಳಿದು, ಊದುಬತ್ತಿ ಹಚ್ಚಿ, ಗಂಟೆ ಬಾರಿಸೋಕೆ ಶುರು ಮಾಡಿದಳು. ಹಳ್ಳದಲ್ಲಿದ್ದ ಜಿಂಕೆಗಳು ದಿಕ್ಕಾಪಾಲು. ನಾನು ತಲೆ ಚಚ್ಚಿಕೊಂಡೆ. ನಿನ್ನಿಂದ ಹುಲಿ ತಪ್ಪಿತು ಅಂತ ಕೂಗಾಡಿದೆ.

ಅವಳು ನಿಧಾನವಾಗಿ ಲಿಂಗವನ್ನ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯೊಳಗೆ ಇಟ್ಟುಕೊಂಡಳು. "ಶಿವ ಕೂತಿರೋದೇ ಅದರ ಚರ್ಮದ ಮೇಲೆ. ಅವನ ಪೂಜೆ ನಡೆಯೋ ಕಡೆ ಅದು ಯಾಕಪ್ಪ ಬಂದೀತು?"

೩. ನನ್ನ ಕಟ್ಟಪ್ಪಣೆ

ಡ್ರೈವರ್‌ಗೆ ಬೇರೆ ಊರಿಗೆ ವರ್ಗವಾಯ್ತು. ಇದೇ ಕೊನೇ ಸಲ, ಬೇಕಾದರೆ ಬನ್ನಿ ಅಂತ ಹೇಳಿಕಳಿಸಿದ. ಅದು ಹೇಗೆ ಗೊತ್ತಾಯ್ತೋ, ಭಾವನೂ ಬಂದು ಕೂತರು. ಅವ್ವ, ಹೆಂಡತಿ ಇದ್ದೇ ಇದ್ದರು. ಹತ್ತೋಕೆ ಮುಂಚೆ ಕಟ್ಟಪ್ಪಣೆ ಮಾಡಿದೆ: ಯಾರನ್ನೂ ಹತ್ತಿಸಿಕೊಳ್ಳೋ ಹಾಗಿಲ್ಲ, ಗಂಟೆ ಬಾರಿಸೋ ಹಾಗಿಲ್ಲ, ಯಾರಾದರೂ ಬಾಯಿ ತೆಗೆದರೆ ಅಲ್ಲೇ ಇಳಿಸಿ ಹೋಗ್ತೀನಿ. ಡ್ರೈವರ್‌ಗೂ ಸೇರಿಸಿ ಹೇಳಿದೆ.

ಅರ್ಧ ದಾರಿ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ಆಮೇಲೆ ಕರ್ರಂ ಅಂತ ಸದ್ದು. ಭಾವ ಚಕ್ಕುಲಿ ಕಡೀತಾ ಇದ್ದರು! ನನಗೆ ರೇಗಿಹೋಯ್ತು. ಮುಂದಿನ ಸೀಟಲ್ಲಿ ಮಂಡಿಯೂರಿ, ಪೂರ್ತಿ ಹಿಂದಕ್ಕೆ ತಿರುಗಿ ಬೈಯೋಕೆ ಶುರುಮಾಡಿದೆ. ಹಳೇ ಹುಂಜ, ಹಳೇ ಗಂಟೆ, ಒಂದನ್ನೂ ಬಿಡಲಿಲ್ಲ. ಜೀಪು ನಿಂತಿತು. ನನ್ನ ಸಿಟ್ಟಿಗೆ ಹೆದರಿ ನಿಲ್ಲಿಸಿದ ಅಂದುಕೊಂಡೆ. ಭಾವನ ಚಕ್ಕುಲಿ ಬಾಯಲ್ಲೇ ನಿಂತಿತ್ತು. ಹೆಂಡತಿ ಕಣ್ಣು ಇಷ್ಟಗಲ. ಅವ್ವ ಕೈ ಮುಗಿದಳು. ಹುಟ್ಟಿದಾಗಿಂದ ಮೊದಲ ಸಲ ನನ್ನ ಮಾತಿಗೆ ಬೆಲೆ ಬಂತು ಅಂತ ಇನ್ನೂ ಜೋರು ಮಾಡಿದೆ.

ಬೈದು ಸುಸ್ತಾಗಿ ಮುಂದಕ್ಕೆ ತಿರುಗಿದರೆ ಡ್ರೈವರ್ ಬೆವರು ಒರೆಸಿಕೊಳ್ತಾ ಇದ್ದ. ರಸ್ತೆಯ ಧೂಳಲ್ಲಿ ಇಷ್ಟಿಷ್ಟು ದೊಡ್ಡ ಹೆಜ್ಜೆ. ಪಕ್ಕದ ಪೊದೆ ಇನ್ನೂ ಅಲ್ಲಾಡ್ತಾ ಇತ್ತು.

ಯಾಕೆ ಹೇಳಲಿಲ್ಲ ಅಂತ ಅರಚಿದೆ. ಯಾರೂ ಪಿಟಕ್ಕೆನ್ನಲಿಲ್ಲ. ಕಾಡು ದಾಟಿ ಲಕ್ಕವಳ್ಳಿ ಸೇರಿ, ಜೀಪಿನಿಂದ ಕೆಳಗಿಳಿದ ಮೇಲೆ ಹೆಂಡತಿ ಬಾಯಿ ಬಿಟ್ಟಳು.

"ಈಗ ಮಾತಾಡಬಹುದೇನ್ರೀ? ಹುಲಿ ನಿಂತುಕೊಂಡು ನಿಮ್ಮ ಬೈಗುಳ ಪೂರ್ತಿ ಕೇಳಿಸ್ಕೊಂಡು ಹೋಯ್ತು."