ಹಡಗು ಹತ್ತಲು ಮೂರನೆಯ ಸೂಜಿ

ಪುಕ್ಕಟೆ ಬಂದ ವಸ್ತು ಮನೆಗೆ ಏನಾದರೊಂದು ತೊಂದರೆ ತರದೆ ಹೋದದ್ದನ್ನು ನಾನಂತೂ ನೋಡಿಲ್ಲ. ಸಾಬೂನು ಪುಡಿಯ ಜೊತೆ ಒಮ್ಮೆ ಒಂದು ಬಕೆಟ್ಟು ಪುಕ್ಕಟೆ ಬಂದಿತ್ತು. ಮೊದಲ ದಿನವೇ ಅದರ ಹಿಡಿಕೆ ಕಿತ್ತುಬಂದು ಬಿಸಿನೀರು ನನ್ನ ಕಾಲ ಮೇಲೆ ಬಿತ್ತು. ಕಲೆ ಇನ್ನೂ ಇದೆ. ಸೊಸೆಯ ತವರಿನವರು ಒಂದು ಎಮ್ಮೆಯನ್ನು ಪುಕ್ಕಟೆ ಕೊಟ್ಟರು. ಅದು ಹಾಲು ಕೊಟ್ಟದ್ದಕ್ಕಿಂತ ಒದೆ ಕೊಟ್ಟದ್ದೇ ಹೆಚ್ಚು. ಇಷ್ಟೆಲ್ಲ ಗೊತ್ತಿದ್ದೂ, ನನ್ನ ಮಗ ಈರಣ್ಣ ಬಂದು "ಅವ್ವಾ, ಕಂಪನಿಯವರು ಹಡಗಿನ ಟೂರ್ ಪುಕ್ಕಟೆ ಕೊಟ್ಟಾರ, ನೀ ಬರ್ತಿ ಏನ?" ಎಂದು ಕೇಳಿದಾಗ ಬರುತ್ತೇನೆ ಎಂದುಬಿಟ್ಟೆ. ವಯಸ್ಸಾದರೆ ಬುದ್ಧಿ ಬರುತ್ತದೆ ಎಂದು ಹೇಳುವವರು ನನ್ನನ್ನು ನೋಡಿಲ್ಲ.

ಈರಣ್ಣನದು ಮೂಡಲಗಿಯಲ್ಲಿ ಗೊಬ್ಬರ, ಬೀಜದ ಅಂಗಡಿ. ನಾವು ಇರುವುದು ಕಲ್ಲೋಳಿಯಲ್ಲಿ. ದಿನಾ ಗಾಡಿಯ ಮೇಲೆ ಹೋಗಿ ಬರುತ್ತಾನೆ. ಈ ಗೊಬ್ಬರದ ಕಂಪನಿಗಳದೊಂದು ರೂಢಿಯಿದೆ. ಯಾರು ಹೆಚ್ಚು ಮಾಲು ಮಾರುತ್ತಾರೋ ಅಂಥ ಅಂಗಡಿಯವರನ್ನು ಎಲ್ಲಿಗಾದರೂ ತಿರುಗಾಡಿಸಿಕೊಂಡು ಬರುತ್ತವೆ. ಹುಳ ಸಾಯಲು ಕಬ್ಬಿಗೆ ಹೊಡೆಯುವ ಎಣ್ಣೆ ಮಾರಿ ಬ್ಯಾಂಕಾಕ್ ನೋಡಿ ಬಂದವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅವರಲ್ಲಿ ಅರ್ಧ ಜನ ಬೆಳಗಾವಿಯ ಕೋಟೆಯನ್ನು ನೋಡಿರುವುದಿಲ್ಲ. ಈರಣ್ಣನಿಗೆ ಅದು ಒಮ್ಮೆಯೂ ಸಿಕ್ಕಿರಲಿಲ್ಲ. ಕೊರೊನಾ ಬಂದು ಮಂದಿ ಬಾಗಿಲು ಹಾಕಿಕೊಂಡು ಕೂತಾಗ ಇವನು ಮೂಗಿಗೆ ಟವೆಲ್ ಕಟ್ಟಿಕೊಂಡು ಹೊಲಹೊಲಕ್ಕೂ ಗೊಬ್ಬರದ ಚೀಲ ಮುಟ್ಟಿಸಿದ್ದ. ಅದಕ್ಕೆ ಸಿಕ್ಕ ಫಲ, ಮುಂಬಯಿಯಿಂದ ಗೋವಾಕ್ಕೆ ಹೋಗಿ ಬರುವ ದೊಡ್ಡ ಹಡಗಿನಲ್ಲಿ ಇಬ್ಬರಿಗೆ ಒಂದು ಕೋಣೆ. ಸೊಸೆ ಸುವರ್ಣಾ ಗೋಕಾಕಕ್ಕೆ ಬಸ್ಸಿನಲ್ಲಿ ಹೊರಟರೂ ಕಿಟಕಿಯ ಹೊರಗೇ ತಲೆ ಇಟ್ಟುಕೊಂಡು ಹೋಗುವವಳು. "ನೆಲದ ಮ್ಯಾಲ ಹಿಂಗ ಆಗತೈತಿ, ನೀರಿನ ಮ್ಯಾಲ ಒಯ್ದ್ರ ನನ್ನ ಹೆಣಾನ ತರ್ತೀರಿ ನೋಡ್ರಿ" ಎಂದು ಕೈಮುಗಿದಳು. ಹಾಗಾಗಿ ಆ ಜಾಗ ನನಗೆ ಬಂತು. ಗಂಡ ಹೋದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದ ನನ್ನನ್ನು ನೋಡಿ ಮಗನಿಗೆ ಮರುಕ ಬಂದಿತ್ತೋ ಏನೋ, ನಾನು ಕೇಳಲಿಲ್ಲ. ಕೇಳಿದ್ದರೆ ಅವನು ಹಾಗೇನಿಲ್ಲ ಎಂದೇ ಹೇಳುತ್ತಿದ್ದ.

ಷರತ್ತು ಮಾತ್ರ ಬಿಗಿಯಾಗಿತ್ತು. ವಯಸ್ಸಾದವರು ಮೂರನೆಯ ಸೂಜಿ ಹಾಕಿಸಿಕೊಂಡಿರಬೇಕು, ಡಾಕ್ಟರರ ಚೀಟಿ ತರಬೇಕು, ಹೊರಡುವ ಮುಂಚೆ ಮೂಗಿನ ತಪಾಸಣೆಯಲ್ಲಿ ಕೊರೊನಾ ಇಲ್ಲ ಎಂದು ಬರಬೇಕು. ಒಂದು ಕೋಣೆಯ ಇಬ್ಬರಲ್ಲಿ ಒಬ್ಬರಿಗೆ ಇದೆ ಎಂದಾದರೆ ಇಬ್ಬರೂ ಮನೆಯಲ್ಲೇ. ಅಂದರೆ ನನ್ನ ಮಗನ ಹಡಗು ನೀರಿನ ಮೇಲೆ ನಿಂತಿರಲಿಲ್ಲ, ನನ್ನ ಮೂಗಿನ ಮೇಲೆ ನಿಂತಿತ್ತು.

ಟೂರಿನವನು ಫೋನು ಮಾಡಿ ಮರಾಠಿ ಬೆರೆಸಿ "ಆಜೀ, ಬೂಸ್ಟರ್ ಆಗೈತಿ ಕಾ?" ಎಂದು ಕೇಳಿದ. "ಇಲ್ಲಪಾ, ಊಟಾನ ಇನ್ನೂ ಆಗಿಲ್ಲ" ಎಂದೆ. ಸುವರ್ಣಾ ಫೋನು ಕಸಿದುಕೊಂಡು ಮಾತಾಡಿದಳು. ಬೂಸ್ಟರ್ ಎಂದರೆ ಮೂರನೆಯ ಸೂಜಿ ಎಂದು ಆಮೇಲೆ ತಿಳಿಯಿತು. ಪಕ್ಕದ ಮನೆಯ ಶಂಕ್ರೆವ್ವ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಮೂರನೇದು ಯಾಕ ಬೇ? ಮೊದಲಿನ ಎರಡೂ ಸುಮಾರ ಹಾಕಿದ್ರೇನು?" ಎಂದಳು. ನನಗೂ ಅದೇ ಸಂಶಯ. ಆರೋಗ್ಯ ಕೇಂದ್ರಕ್ಕೆ ಹೋದಾಗ ಸಿಸ್ಟರ್‌ಗೆ ಅದನ್ನೇ ಕೇಳಿದೆ. ಆ ಹುಡುಗಿ ಸೂಜಿ ತುಂಬಿಕೊಳ್ಳುತ್ತಲೇ "ಆಯಿ, ಹೊಲದ ಬೇಲಿಗೆ ಒಮ್ಮೆ ಮುಳ್ಳ ಹಚ್ಚಿ ಬಿಟ್ರ ಮುಗೀತೇನ? ಮತ್ತ ಮತ್ತ ಹಚ್ಚಬೇಕಲ್ಲ" ಎಂದಳು. ಮಾತು ಸರಿಯಿತ್ತು. ಆದರೆ ಮುಳ್ಳು ಹಚ್ಚಿದ್ದು ನನ್ನ ತೋಳಿಗೆ. ಎರಡು ದಿನ ರೊಟ್ಟಿ ಬಡಿಯಲಾಗಲಿಲ್ಲ. ರೊಟ್ಟಿ ಬಡಿಯುವ ಕೆಲಸ ತಪ್ಪಿದ್ದಕ್ಕೆ ಬೇಜಾರಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಡಾಕ್ಟರರ ಚೀಟಿಗೆ ಗೋಕಾಕಕ್ಕೆ ಹೋದೆವು. ದವಾಖಾನೆಯ ಬೆಂಚಿನ ಮೇಲೆ ನೆಗಡಿಯವರು, ಜ್ವರದವರು, ಅವರ ಜೊತೆಗೆ ಬಂದವರು ಒತ್ತೊತ್ತಾಗಿ ಕೂತಿದ್ದರು. ನಾನೂ ನಡುವೆ ತೂರಿಕೊಂಡು ಮಧ್ಯಾಹ್ನದವರೆಗೆ ಕೂತೆ. ಡಾಕ್ಟರು ಬಿಪಿ ನೋಡಿದರು, ಎದೆ ನೋಡಿದರು. ಗುಳಿಗೆಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ, ಕೈ ತೊಳೆಯಿರಿ, ಹಡಗಿನಲ್ಲಿ ಮಂದಿ ಕೂಡಿದ ಕಡೆ ಬಾಯಿ ಮುಚ್ಚಿಕೊಂಡಿರಿ, ಹೊರಡುವವರೆಗೆ ಯಾರ ಮನೆಗೂ ಹೋಗಬೇಡಿ, ಯಾರನ್ನೂ ಕರೆಯಬೇಡಿ ಎಂದರು. "ಹಡಗಂದ್ರ ಏನಂತ ತಿಳದೀರಿ ಆಯಿ? ಒಂದ ಊರ ಮಂದೀನ ಒಂದ ಮನ್ಯಾಗ ತುಂಬಿದಂಗ. ಒಬ್ಬರಿಗೆ ಬಂತಂದ್ರ ಎಲ್ಲಾರಿಗೂ ಬಂತು."

"ಹಂಗಿದ್ರ ಯಾಕ ಹೋಗಬೇಕ್ರಿ ಸಾಹೇಬ್ರ?"

"ಅದನ್ನ ನೀವ ಹೇಳಬೇಕು" ಎಂದು ಚೀಟಿಗೆ ಸಹಿ ಹಾಕಿದರು.

ಅಲ್ಲಿಂದ ಬಂದ ಮೇಲೆ ಸುವರ್ಣಾ ನನ್ನನ್ನು ಹಿಂದಿನ ಕೋಣೆಗೆ ಸೇರಿಸಿದಳು. ಗಂಡ ದುಡಿದು ಗಳಿಸಿದ ಟೂರು ಅತ್ತೆಯ ಸೀನಿನಿಂದ ಹಾಳಾಗಬಾರದು ಎಂದು ಅವಳಿಗೆ ಹಟ. ನನಗೆ ಬೇರೆ ತಟ್ಟೆ, ಬೇರೆ ಲೋಟ. ಊಟವನ್ನು ಹೊಸ್ತಿಲ ಬಳಿ ಇಟ್ಟು ಹಿಂದೆ ಸರಿದು ನಿಲ್ಲುತ್ತಿದ್ದಳು. ನಾನು ಮಡಿಯವಳೋ ಮೈಲಿಗೆಯವಳೋ ನನಗೇ ತಿಳಿಯದಂತಾಯಿತು. ಮನುಷ್ಯರನ್ನು ನೋಡದೆ ಇದ್ದು ಇದ್ದು, ಗೋಡೆಯ ಮೇಲಿನ ಹಲ್ಲಿಗೆ ನಾನು ಬೈಯತೊಡಗಿದೆ. ಅದು ತಿರುಗಿ ಮಾತಾಡದ್ದು ನೋಡಿ, ಸೊಸೆಯಾಗಲು ಇದೇ ಯೋಗ್ಯ ಎಂದುಕೊಂಡೆ.

ಆದರೆ ಊರಿಗೆ ಡಾಕ್ಟರರ ಮಾತು ಯಾರು ಹೇಳಬೇಕು? ನಮ್ಮ ಕಡೆ ಯಾರಾದರೂ ದೂರದ ಯಾತ್ರೆಗೆ ಹೊರಟರೆ ಸುಮ್ಮನೆ ಕಳಿಸುವುದಿಲ್ಲ. ಹೆಂಗಸರು ಬಂದು ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿ ಉಡಿ ತುಂಬುತ್ತಾರೆ, ಸಿಹಿ ಮಾಡಿ ತಂದು ಕೈಯಾರೆ ಬಾಯಿಗೆ ತುತ್ತು ಇಡುತ್ತಾರೆ. ನಮ್ಮ ಮಂದಿಯಲ್ಲಿ ಗಂಡ ಹೋದವಳಿಗೂ ತುಂಬುತ್ತಾರೆ. ಹೋಗಿ ತಿರುಗಿ ಬರದೆ ಇದ್ದರೆ ಕಡೆಯ ತುತ್ತು ನಮ್ಮ ಕೈಯಿಂದ ಆಗಲಿ ಎಂಬುದು ಅದರ ಒಳಗಿನ ಮಾತು. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಹಡಗು ಎಂದ ಮೇಲೆ ಊರವರಿಗೆ ಅದು ಕಾಶಿಗಿಂತ ದೂರ. ಮರುದಿನದಿಂದಲೇ ಒಬ್ಬೊಬ್ಬರಾಗಿ ಬರತೊಡಗಿದರು. ಸುವರ್ಣಾ ಬಾಗಿಲಲ್ಲೇ ನಿಂತು "ಕಟ್ಟಿ ಮ್ಯಾಲ ಇಟ್ಟ ಹೋಗ್ರಿ, ಅತ್ತಿ ಹೊರಗ ಬರೂದಿಲ್ಲ" ಎಂದು ಎಲ್ಲರನ್ನೂ ತಿರುಗಿಸಿದಳು. ಶಂಕ್ರೆವ್ವ ನನಗೆ ಕೇಳಿಸಲೆಂದೇ ಗಟ್ಟಿಯಾಗಿ "ಹಡಗ ಹತ್ತೂ ಮೊದಲ ಇಷ್ಟ ಸೊಕ್ಕ ಬಂದೈತಿ, ಇಳದ ಮ್ಯಾಲ ನಮ್ಮ ಗುರ್ತರ ಹಿಡೀತಾಳೋ ಇಲ್ಲೋ!" ಎಂದು ಹೇಳಿ ಹೋದಳು. ನಾನು ಕೋಣೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಮಗನ ಮುಖ ಕಣ್ಣ ಮುಂದೆ ಇತ್ತು. ಅವನು ಹೊಸ ಚಪ್ಪಲಿ ತಂದು, ಅದು ಹಡಗಿನಲ್ಲಿ ಜಾರುತ್ತದೋ ಇಲ್ಲವೋ ಎಂದು ನೀರು ಚೆಲ್ಲಿದ ಬಚ್ಚಲಿನಲ್ಲಿ ನಡೆದು ನೋಡುತ್ತಿದ್ದ.

ಹೊರಡುವ ಎರಡು ದಿನ ಮುಂಚೆ ನಾಗವ್ವ ಬಂದಳು. ಇವಳು ನನ್ನ ಗಂಡನ ತಂಗಿ. ಹತ್ತರಗಿಗೆ ಕೊಟ್ಟಿದ್ದೇವೆ. ಮೊದಲಿನ ಎರಡು ಸೂಜಿಯನ್ನೂ ಅವಳ ಮಗ ಅವಳನ್ನು ಹೊತ್ತುಕೊಂಡು ಹೋದಂತೆ ಒಯ್ದು ಹಾಕಿಸಿದ್ದ, ಮೂರನೆಯದನ್ನು ಅವಳು ಹಾಕಿಸಿಕೊಂಡಿರಲಿಲ್ಲ. ಬರುವಾಗ ಡಬ್ಬಿಯಲ್ಲಿ ಹೋಳಿಗೆ, ಬಾಯಲ್ಲಿ ಕೆಮ್ಮು ಎರಡನ್ನೂ ತಂದಿದ್ದಳು. ಸುವರ್ಣಾ ಬಾಗಿಲಿಗೆ ಅಡ್ಡ ನಿಂತಳು.

"ಸಣ್ಣತ್ತಿ, ಕೆಮ್ಮಾಕತ್ತೀರಲ್ಲರಿ."

"ನಮ್ಮೂರಾಗ ಕೆಮ್ಮಲಾರದವ್ರನ್ನ ಒಬ್ಬರನ್ನ ತೋರ್ಸ ನೋಡೂಣು. ಹೈವೇ ಬಾಜೂಕ ಮನಿ, ಹಗಲೆಲ್ಲಾ ಲಾರಿ ಧೂಳ. ಇದು ಧೂಳಿನ ಕೆಮ್ಮ, ರೋಗಿಂದಲ್ಲ."

"ಆದ್ರೂ ಡಾಕ್ಟರ್ ಹೇಳ್ಯಾರ್ರಿ."

"ನನ್ನ ತವರಮನಿ ಬಾಗಲಾ ತೆಗಿಯೂದು ಯಾವ ಡಾಕ್ಟರ್‌ನ ಕೈಯಾಗ ಐತಿ?"

ನಾನು ಒಳಗಿಂದ ಕೇಳುತ್ತಿದ್ದೆ. ನನ್ನ ಗಂಡ ಸತ್ತಾಗ ಆಸ್ಪತ್ರೆಯಿಂದಲೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದರು, ಮನೆಗೆ ತರಲಿಲ್ಲ. ನಮ್ಮ ಬಾಗಿಲಿಗೆ ಬಿದಿರಿನ ಗಳ ಅಡ್ಡ ಬಿಗಿದಿದ್ದರು. ಅವರಿಗೆ ಮೊದಲನೆಯ ಸೂಜಿಯೂ ಆಗಿರಲಿಲ್ಲ. ಪಾಳಿಯಲ್ಲಿ ನಿಲ್ಲುವ ಮಂದಿ ಕಡಿಮೆಯಾಗಲಿ, ಮುಂದಿನ ವಾರ ಹೋದರಾಯಿತು ಎನ್ನುತ್ತಿದ್ದರು. ನಮ್ಮಲ್ಲಿ ಸಾವಾದರೆ ಹೆಂಗಸರು ಕೊರಳು ಹಿಡಿದುಕೊಂಡು ಅಳುವುದು ಪದ್ಧತಿ. ಅದನ್ನು ಬಿಟ್ಟರೆ ಸಮಾಧಾನಕ್ಕೆ ಬೇರೆ ಏನೂ ಇಲ್ಲ. ನಾಗವ್ವ ಯಾರದೋ ಗಾಡಿಯ ಮೇಲೆ ಬಂದು ರಸ್ತೆಯಲ್ಲಿ ನಿಂತು ಅತ್ತಳು, ನಾನು ಕಿಟಕಿಯಲ್ಲಿ ನಿಂತು ಅತ್ತೆ. ದೂರದಿಂದ ಅಳುವುದಕ್ಕೆ ಬಹಳ ಗಟ್ಟಿಯಾಗಿ ಅಳಬೇಕಾಗುತ್ತದೆ. ಅಳುತ್ತಿದ್ದೇವೋ ಜಗಳಾಡುತ್ತಿದ್ದೇವೋ ಎಂದು ಹಾದುಹೋಗುವವರು ತಿರುಗಿ ನೋಡುತ್ತಿದ್ದರು.

"ಸುವರ್ಣಾ, ಬಾಜೂಕ ಸರಿ. ಬಿಡ ಆಕೀನ ಒಳಗ" ಎಂದೆ.

ನಾಗವ್ವ ಬಂದು ಪಕ್ಕದಲ್ಲಿ ಕೂತಳು. ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, "ಬಾಯಿ ತಗೀರಿ ವೈನಿ" ಎಂದಳು. ತೆಗೆದೆ. ಅವಳು ಕೆಮ್ಮಿದಳು. ನಾನು ನುಂಗಿದೆ. ಬಾಗಿಲಲ್ಲಿ ನಿಂತಿದ್ದ ಸುವರ್ಣಾ ಕಣ್ಣು ಮುಚ್ಚಿಕೊಂಡಳು.

ಮರುದಿನ ಗಂಟಲು ಕೆರೆಯಿತು. ತುಪ್ಪದ ಕೆಲಸ ಎಂದುಕೊಂಡೆ. ಅವತ್ತೇ ಗೋಕಾಕದಲ್ಲಿ ನಮ್ಮಿಬ್ಬರ ಮೂಗಿಗೂ ಕಡ್ಡಿ ಹಾಕಿ ನೋಡಿದರು. ಸಂಜೆ ಈರಣ್ಣನ ಫೋನಿಗೆ ಉತ್ತರ ಬಂತು. ಅವನಿಗೆ ಇಲ್ಲ, ನನಗೆ ಇದೆ. ಅವನು ಅದನ್ನು ಓದಿ, ಫೋನು ಜೇಬಿಗೆ ಹಾಕಿ, ಪೆಟ್ಟಿಗೆಯಲ್ಲಿ ತುಂಬಿದ್ದ ಬಟ್ಟೆಗಳನ್ನು ತೆಗೆದು ಮತ್ತೆ ಕಪಾಟಿನಲ್ಲಿಟ್ಟ. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಆ ದಾರಿಯನ್ನೂ ಮುಚ್ಚಿದ. ನಮ್ಮ ಕೋಣೆಯನ್ನು ಕಂಪನಿಯವರು ಹುಕ್ಕೇರಿಯ ಒಬ್ಬ ಅಂಗಡಿಯವನಿಗೆ ಕೊಟ್ಟರಂತೆ. ಆ ಪುಣ್ಯಾತ್ಮ ಹಡಗಿನ ಮೇಲೆ ನಿಂತು ತೆಗೆಸಿಕೊಂಡ ಫೋಟೋ ಕಳಿಸಿದ. ಕಪ್ಪು ಕನ್ನಡಕ, ಹಿಂದೆ ನೀರು. ಈರಣ್ಣ ಅದಕ್ಕೆ "ಭಾರೀ ಆಗೈತ್ರಿ" ಎಂದು ಉತ್ತರ ಕಳಿಸಿ, ಫೋನನ್ನು ಬೋರಲು ಇಟ್ಟು ಊಟಕ್ಕೆ ಕೂತ.

ನನಗೆ ಬಂದದ್ದು ಮೈನೋವು, ನಾಲ್ಕು ದಿನದ ಜ್ವರ, ಅಷ್ಟೇ. ಸಿಸ್ಟರ್ ಕಿಟಕಿಯ ಹೊರಗೆ ನಿಂತು "ಮೂರನೇ ಸೂಜಿ ಆಗಿತ್ತಲ್ಲ, ಅದಕ್ಕ ಇಷ್ಟಕ್ಕ ಮುಗೀತು ಆಯಿ" ಎಂದಳು. ಇರಬಹುದು. ಮೂರಾದವಳು ಉಳಿದೆ, ಒಂದೂ ಆಗದವರು ಹೋದರು, ಇದರ ಮೇಲೆ ನಾನು ಏನು ವಾದ ಮಾಡಲಿ? ವಾದಕ್ಕೆ ಯಾರೂ ಸಿಗದೆ ಇದ್ದುದರಿಂದ ಫೋನು ಹಿಡಿದೆ. ಹೇಗಿದ್ದೀರಿ ಎಂದು ಕೇಳಿದವರಿಗೆಲ್ಲ, ಕೇಳದವರಿಗೂ, "ನಮ್ಮ ನಾಗವ್ವ ಹೋಳಿಗಿ ಜೋಡಿ ತಂದಕೊಟ್ಟಳು ನೋಡ್ರಿ" ಎಂದು ಹೇಳಿದೆ. ಮಗನಿಗೂ ಹೇಳಿದೆ. ತಪ್ಪು ಒಬ್ಬರ ಹೆಸರಿಗೆ ಸೇರಿದರೆ ಜ್ವರವೂ ಸ್ವಲ್ಪ ಇಳಿದಂತೆ ಆಗುತ್ತದೆ.

ಸುದ್ದಿ ಹತ್ತರಗಿ ಮುಟ್ಟಲು ಎಷ್ಟು ಹೊತ್ತು? ನಾಗವ್ವ ತಾನೇ ಹುಕ್ಕೇರಿಗೆ ಹೋಗಿ ಮೂಗಿಗೆ ಕಡ್ಡಿ ಹಾಕಿಸಿಕೊಂಡಳು. ಏನೂ ಇರಲಿಲ್ಲ. ಅವಳ ಮಗ ಫೋನು ಮಾಡಿ "ಅತ್ತಿ, ಅವ್ವನ ಕೆಮ್ಮು ಧೂಳಿಂದ ಅಂತರಿ, ಖರೇನ" ಎಂದು ಮಾತ್ರ ಹೇಳಿ ಇಟ್ಟುಬಿಟ್ಟ. ನಾನು ಮಂಚದ ಮೇಲೆ ಕೂತು ಲೆಕ್ಕ ಹಾಕಿದೆ. ಊರ ಹೆಂಗಸರು ಯಾರೂ ಒಳಗೆ ಬಂದಿರಲಿಲ್ಲ. ಮಗನಿಗೆ ಇರಲಿಲ್ಲ, ಆಮೇಲೆ ತಪಾಸಣೆ ಮಾಡಿಸಿದ ಸೊಸೆಗೂ ಇರಲಿಲ್ಲ. ಉಳಿದದ್ದು ಗೋಕಾಕದ ದವಾಖಾನೆಯ ಆ ಬೆಂಚು. ಅಲ್ಲಿ ನನ್ನ ಮಗ್ಗುಲಿಗೆ ಕೂತ ಹೆಂಗಸಿಗೆ ನಾನು ಹಡಗಿನ ಸುದ್ದಿ ಹೇಳುತ್ತಿದ್ದೆ. ಅವಳಿಗೆ ಕಿವಿ ಮಂದ. ಹಾಗಾಗಿ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, ಅವಳ ಮುಖಕ್ಕೆ ಮುಖ ಹಚ್ಚಿ, ಎರಡೆರಡು ಸಲ ಹೇಳಿದ್ದೆ. ಆರೋಗ್ಯವಾಗಿದ್ದೇನೆ ಎಂಬ ಚೀಟಿ ತರಲು ಹೋದವಳು ಅದರ ಜೊತೆಗೆ ರೋಗವನ್ನೂ ತಂದಿರಬೇಕು.

ತಿಂಗಳಾದ ಮೇಲೆ ನಾಗವ್ವ ಬಂದಳು. ಮುಂಚೆಯೆಲ್ಲ ಅವಳು ಬರುತ್ತಿದ್ದಾಳೆ ಎಂದರೆ ಅವಳಿಗಿಂತ ಮೊದಲು ಅವಳ ದನಿ ಒಳಗೆ ಬರುತ್ತಿತ್ತು. ಈ ಸಲ ಸುಮ್ಮನೆ ಬಂದು ಬಾಗಿಲಲ್ಲಿ ನಿಂತಳು. ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದಳು.

"ಒಳಗ ಬಾ" ಎಂದೆ.

ಅವಳು ಕುಪ್ಪಸದೊಳಗಿಂದ ಒಂದು ಮಡಿಸಿದ ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. "ಮೂರನೇದೂ ಹಾಕ್ಕೊಂಡೇನಿ. ಅದರ ಚೀಟಿ. ಮೊದಲ ಓದ್ರಿ, ಆಮ್ಯಾಲ ಬರ್ತೇನಿ."

"ಹುಚ್ಚಿ, ಯಾರ ಕೇಳ್ಯಾರ ನಿನಗ ಇದನ್ನ?"

"ಓದ್ರಿ ವೈನಿ. ನಾಳೆ ಯಾರಿಗರ ನೆಗಡಿ ಆದ್ರ ನನ್ನ ಹೆಸರ ಬರಬಾರದು."

ಕಾಗದವನ್ನು ಬಿಡಿಸಿದೆ. ಎಲ್ಲ ಇಂಗ್ಲಿಷಿನಲ್ಲಿತ್ತು. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಕನ್ನಡವನ್ನೇ ಬೆರಳಿಟ್ಟು ಓದುವವಳು. ಅದು ಅವಳಿಗೆ ಗೊತ್ತು. ಅವಳಿಗೆ ಗೊತ್ತು ಎಂಬುದು ನನಗೂ ಗೊತ್ತು. ಆದರೂ ಕನ್ನಡಕ ತರಿಸಿಕೊಂಡು, ಹಾಕಿಕೊಂಡು, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದನ್ನೂ ಬಿಡದೆ ಕಣ್ಣಾಡಿಸಿದೆ. ಅಷ್ಟು ಹೊತ್ತೂ ಅವಳು ತನ್ನ ಅಣ್ಣನ ಮನೆಯ ಹೊಸ್ತಿಲ ಆಚೆ ನಿಂತೇ ಇದ್ದಳು.

"ಎಲ್ಲಾ ಬರೋಬ್ಬರಿ ಐತಿ. ಬಾ" ಎಂದೆ.

ಬಂದಳು. ದೂರದ ಕುರ್ಚಿಯಲ್ಲಿ ಕೂತಳು. ಸುವರ್ಣಾ ಕೊಟ್ಟ ಚಹಾ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, ಕತ್ತಲಾಗುವ ಮುಂಚೆ ಬಸ್ಸಿಗೆ ಹೋದಳು. ಕೆಮ್ಮು ಬಂದಾಗ ಎದ್ದು ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದಳು. ಡಾಕ್ಟರು ಹೇಳಿದ್ದನ್ನು ನಮ್ಮ ಮನೆಯಲ್ಲಿ ಅಕ್ಷರಶಃ ಪಾಲಿಸಿದ ದಿನ ಅದೊಂದೇ. ನಾನು ಹಡಗು ಹತ್ತುವುದಂತೂ ಇನ್ನು ಆಗದ ಮಾತು. ಆದರೆ ಹತ್ತುವವರ ಚೀಟಿ ನೋಡಿ ಒಳಗೆ ಬಿಡುವ ಕೆಲಸಕ್ಕೆ ಯಾರಾದರೂ ಬೇಕಾಗಿದ್ದರೆ ಕಂಪನಿಯವರು ನನ್ನನ್ನು ಕರೆಯಬಹುದು. ಓದಲು ಬರದಿದ್ದರೂ ಆ ಕೆಲಸವನ್ನು ನಾನು ಚೆನ್ನಾಗಿ ಮಾಡುತ್ತೇನೆ.