ಅಕ್ಕನ ಔಷಧಿಯೂ ಎಸ್ಟೇಟಿನ ರೈಟರೂ

ವಿವರಿಸುವುದು ನನ್ನ ಚಟ. ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ಮೂವತ್ತು ವರ್ಷ ಲೆಕ್ಕ, ಕೆಲಸದ ಚೀಟಿ ಬರೆಯುವ ರೈಟರಾಗಿದ್ದವನಿಗೆ ತಿಳಿಯದ ವಿಷಯವಾದರೂ ಯಾವುದಿದ್ದೀತು? ಹಾಗಾಗಿ, ಅಕ್ಕನ ತೊಡೆಯ ಕ್ಯಾನ್ಸರ್ ಗಡ್ಡೆ ಮೊದಲ ಔಷಧಿಗೆ ಜಗ್ಗದೆ, ಮಂಗಳೂರಿನ ಡಾಕ್ಟರು ಹೊಸದೊಂದನ್ನು ಸೂಚಿಸಿದಾಗ, ಅವಳನ್ನು ಒಪ್ಪಿಸುವ ಭಾರವನ್ನು ನಾನೇ ಹೊತ್ತುಕೊಂಡೆ. ತೊಡಕು ಒಂದೇ. ಆ ಔಷಧಿ ಮೊದಲು ಸಿಕ್ಕಿದ್ದು ಸಮುದ್ರದಂಚಿನ ನೀರಿನಲ್ಲಿ ಮರದ ಬೇರಿಗೋ ಬಂಡೆಗೋ ಅಂಟಿಕೊಂಡು ಬದುಕುವ, ಚೀಲದಂಥ ಒಂದು ಪ್ರಾಣಿಯಲ್ಲಿ. ಅಕ್ಕನೋ, ಒಣಮೀನಿನ ವಾಸನೆ ಬಂದರೆ ಬಸ್ಸಿನಲ್ಲಿ ಸೀಟು ಬದಲಾಯಿಸುವವಳು. ಬೇಡವೆಂದುಬಿಟ್ಟರೆ ಬೇರೆ ದಾರಿಯಿರಲಿಲ್ಲ. ಪ್ರಾಣಿಯ ಸುದ್ದಿ ಎತ್ತದೆ ವಿಜ್ಞಾನದಿಂದಲೇ ಗೆಲ್ಲುವುದೆಂದು ನಿಶ್ಚಯಿಸಿದೆ.

"ನೋಡಕ್ಕ, ಜೀವಕೋಶ ಅಂದ್ರೆ ಒಂದು ಎಸ್ಟೇಟು. ಡಿಎನ್‌ಎ ಅಂದ್ರೆ ಆಫೀಸಲ್ಲಿರೋ ಸಾಹುಕಾರ್ರ ಪುಸ್ತಕ. ಅದು ಹೊರಗೆ ಬರಲ್ಲ. ರೈಟರು ನೋಡಿ ಚೀಟಿಗೆ ನಕಲು ಮಾಡ್ತಾನೆ, ಮೇಸ್ತ್ರಿ ಚೀಟಿ ಪ್ರಕಾರ ಕೆಲಸ ಮಾಡಿಸ್ತಾನೆ. ನಿನ್ನ ಗಡ್ಡೆಯಲ್ಲಿ 'ಬೆಳೀರಿ, ಬೆಳೀರಿ' ಅಂತ ಚೀಟಿ ಹೋಗ್ತಾನೇ ಇದೆ. ಈ ಔಷಧಿ ಹಲಸಿನ ಅಂಟಿನ ಹಾಗೆ ಪುಸ್ತಕದ ಪುಟಕ್ಕೇ ಮೆತ್ಕೊಳ್ಳುತ್ತೆ. ರೈಟರು ನಕಲು ಮಾಡ್ತಾ ಮಾಡ್ತಾ ಅಲ್ಲೇ ಸಿಕ್ಕಿಹಾಕ್ಕೊಳ್ತಾನೆ. ಚೀಟಿ ನಿಂತ್ರೆ ಗಡ್ಡೆನೂ ನಿಲ್ಲುತ್ತೆ."

"ಅಂದ್ರೆ ತಪ್ಪೆಲ್ಲ ರೈಟರದ್ದು," ಎಂದಳು ಅಕ್ಕ.

"ಅವನದ್ದೇನು ತಪ್ಪು? ಪುಸ್ತಕದಲ್ಲಿರೋದನ್ನ ಬರೀತಾನೆ."

"ಎರಡು ಸಲ ಮರಗಸಿ ಮಾಡಿಸ್ದಾಗ್ಲೂ ನೀನು ಹೀಗೇ ಅಂದಿದ್ದೆ ಮಾರಾಯ."

ಆ ಕತೆ ಬೇಡವಾಗಿತ್ತು. ಒಮ್ಮೆ ಹಿಂದಿನ ವಾರದ ಆದೇಶವನ್ನೇ ನೋಡಿ ಮತ್ತೆ ಚೀಟಿ ಬರೆದಿದ್ದೆ. ಮೇಸ್ತ್ರಿ ಒಂದು ಮಾತೂ ಕೇಳದೆ, ಆಗಲೇ ಮರಗಸಿಯಾಗಿ ಕೊಂಬೆ ಸವರಿದ್ದ ನೆರಳಿನ ಮರಗಳನ್ನೇ ಮತ್ತೆ ಸವರಿಸಿದ. ಆ ಬೇಸಿಗೆಯಲ್ಲಿ ನೆರಳಿಲ್ಲದೆ ಕಾಫಿ ಗಿಡಗಳೆಲ್ಲ ಸುಟ್ಟುಹೋದವು.

"ಅದಿರಲಿ, ಈ ಔಷಧಿ ಯಾವ ಮರದ ಅಂಟು?" ಅಕ್ಕ ಕೇಳಿದಳು.

"ಅದು... ಸಮುದ್ರದ ಕಡೇದು."

"ಪ್ರಾಣಿ ಅಂತ ಹೇಳೋಕೆ ಏನು ಕಷ್ಟ? ಡಾಕ್ಟ್ರು ನನಗೂ ಹೇಳಿದ್ರು. ಈಗ ಅದನ್ನ ಹಿಡಿಯಲ್ವಂತೆ, ಕಾರ್ಖಾನೇಲೇ ತಯಾರಾಗುತ್ತಂತೆ. ಹಿಡಿದಿದ್ರೂ ಬೇಡ ಅಂತಿರ್ಲಿಲ್ಲ. ನನಗೂ ಬದುಕಬೇಕು ಕಣೋ. ಅವತ್ತೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬಂದಿದೀನಿ."

"ಮತ್ತೆ ಇಷ್ಟು ಹೊತ್ತು ಯಾಕೆ ಕೇಳಿಸ್ಕೊಂಡೆ?"

"ನಿನಗೆ ಹೆದರಿಕೆ ಆದಾಗೆಲ್ಲ ಹೀಗೇ ವಿವರಿಸ್ತೀಯ. ಮುಗೀಲಿ ಅಂತ ಬಿಟ್ಟೆ."

ಮುಂದಿನ ವಾರ ಡ್ರಿಪ್ ಹಾಕಿದರು. ಪಕ್ಕದ ಹಾಸಿಗೆಯ ಹೆಂಗಸಿಗೆ ಅಕ್ಕ ಪುಸ್ತಕ, ಚೀಟಿ, ಅಂಟು ಎಲ್ಲವನ್ನೂ ನನಗಿಂತ ಚೆನ್ನಾಗಿ ವಿವರಿಸಿ, ಕೊನೆಗೆ ನನ್ನತ್ತ ಕೈ ತೋರಿಸಿದಳು. "ಆ ರೈಟರು ಇವನೇ ನೋಡಿ." ತಿದ್ದಲು ಬಾಯಿ ತೆರೆದೆ. ಅವಳ ಕೈಗೆ ಚುಚ್ಚಿದ್ದ ಸೂಜಿ ಕಂಡಿತು, ನನ್ನ ವಿವರಣೆ ಅಲ್ಲೇ ಸಿಕ್ಕಿಹಾಕಿಕೊಂಡಿತು. ಔಷಧಿ ಅಕ್ಕನ ಮೈಯಲ್ಲಿ ಎಷ್ಟು ಕೆಲಸ ಮಾಡಿದೆಯೆಂದು ಸ್ಕ್ಯಾನ್ ಆದಮೇಲೆ ತಿಳಿಯುತ್ತದೆ. ನನ್ನ ಮೇಲಂತೂ ಮೊದಲ ದಿನವೇ ಕೆಲಸ ಮಾಡಿತು.